ಡಬ್ಬಿಯ ಮೇಲಿನ ಸಂಖ್ಯೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮಲ್ಲಿ ದುಂದುಗಾರರಿಗೆ ಬುದ್ಧಿ ಹೇಳುತ್ತಾರೆ. ಗಾದೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದು ಒಂದು ಮಾತನ್ನು ಕೇಳದೆ ಬಿಟ್ಟಿದೆ. ಹಾಸಿಗೆಯ ಅಳತೆ ಹೇಳಿದವರು ಯಾರು? ನಾವೇ ಮೊಳ ಹಾಕಿ ಅಳೆದೆವೋ, ಮಾರಿದವನು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ನಂಬಿದೆವೋ? ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಕಟ್ಟಿಕೊಂಡು, ಅದರ ಪ್ರೊಸೆಸರನ್ನು ಡಬ್ಬಿಯ ಮೇಲೆ ಬರೆದ ವೇಗಕ್ಕಿಂತ ಹೆಚ್ಚು ಓಡಿಸುವ ಹವ್ಯಾಸವೊಂದಿದೆ. ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಕೆಲವು ವರ್ಷಗಳಿಂದ ಅದರಲ್ಲಿ ಕೈಯಾಡಿಸುತ್ತಿರುವ ನನಗೆ ಈ ಗಾದೆ ಆಗಾಗ ಎದುರಾಗುತ್ತದೆ. ಕೆಲವು ಸಲ ಗಾದೆಯೇ ಸರಿ ಎನಿಸುತ್ತದೆ, ಕೆಲವು ಸಲ ಹಾಸಿಗೆ ಮಾರಿದವನ ಮೇಲೆ ಸಂಶಯ ಬರುತ್ತದೆ.

ಸಂಶಯಕ್ಕೆ ಕಾರಣವಿದೆ. 1998ರಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಮಾರುಕಟ್ಟೆಗೆ ತಂದಿತು. ಡಬ್ಬಿಯ ಮೇಲಿದ್ದದ್ದು 300 ಮೆಗಾಹರ್ಟ್ಸ್. ಮದರ್‌ಬೋರ್ಡಿನ ಬಸ್ ವೇಗ 66, ಚಿಪ್ಪಿನೊಳಗಿನ ಗುಣಕ ನಾಲ್ಕೂವರೆ, ಗುಣಿಸಿದರೆ 300. ಗುಣಕವನ್ನು ಕಂಪನಿ ಬೀಗ ಹಾಕಿ ಭದ್ರ ಮಾಡಿತ್ತು, ಬಸ್ಸಿಗೆ ಬೀಗವಿರಲಿಲ್ಲ. ಹುಡುಗರು ಅದನ್ನು 100ಕ್ಕೆ ಏರಿಸಿದರು. ಬಹಳಷ್ಟು ಚಿಪ್ಪುಗಳು ತಕರಾರಿಲ್ಲದೆ 450 ಮೆಗಾಹರ್ಟ್ಸ್‌ನಲ್ಲಿ ಓಡಿದವು. ಆಗ ಅದೇ ಕಂಪನಿಯ ದುಬಾರಿ ಪೆಂಟಿಯಂ 2 ಓಡುತ್ತಿದ್ದದ್ದೂ ಅದೇ ವೇಗದಲ್ಲಿ. ಅಂದರೆ 300 ಎಂಬುದು ಆ ಸಿಲಿಕಾನ್ ತುಣುಕಿನ ಮಿತಿಯೇ ಆಗಿರಲಿಲ್ಲ. ಅದು ಅಂಗಡಿಯಲ್ಲಿ ಅದಕ್ಕೆ ಕೊಟ್ಟ ಜಾಗ. ಬಡ ಗಿರಾಕಿಗೊಂದು, ಸಿರಿವಂತ ಗಿರಾಕಿಗೊಂದು ಎಂದು ಎರಡು ಕಪಾಟು ಬೇಕಿತ್ತು, ಒಂದಕ್ಕೆ ಈ ಚೀಟಿ ಅಂಟಿಸಿದರು.

ಚಿಪ್ಪು ತಯಾರಾಗುವ ರೀತಿಯೇ ಇದಕ್ಕೆ ಎಡೆ ಮಾಡಿಕೊಡುತ್ತದೆ. ಒಂದೇ ಸಿಲಿಕಾನ್ ತಟ್ಟೆಯಿಂದ ಕತ್ತರಿಸಿದ ನೂರಾರು ತುಣುಕುಗಳಲ್ಲಿ ಎರಡು ಒಂದೇ ಥರ ಇರುವುದಿಲ್ಲ. ನಮ್ಮ ಅಂಕೋಲೆಯ ಕರಿ ಇಶಾಡು ಮಾವು ಒಂದೇ ಮರದ್ದಾದರೂ ಬುಟ್ಟಿಯಲ್ಲಿ ದೊಡ್ಡದು ಸಣ್ಣದು ಎಂದು ವಿಂಗಡಿಸುವ ಹಾಗೆ, ಕಾರ್ಖಾನೆಯಲ್ಲಿ ಪ್ರತಿ ತುಣುಕನ್ನೂ ಪರೀಕ್ಷಿಸಿ ದರ್ಜೆ ಕಟ್ಟುತ್ತಾರೆ. ಕೆಳದರ್ಜೆಯ ಚಿಪ್ಪಿಗೆ ಬೇಡಿಕೆ ಹೆಚ್ಚಿದ್ದರೆ ಮೇಲ್ದರ್ಜೆಯದ್ದಕ್ಕೂ ಕೆಳಗಿನ ಚೀಟಿ ಬೀಳುತ್ತದೆ. ಅದರ ಮೇಲೆ ಇನ್ನೊಂದಿಷ್ಟು ಜಾಗವನ್ನು ಬೇಕೆಂದೇ ಬಿಡುತ್ತಾರೆ. ಬಿಸಿಲೂರಿನ ಕೋಣೆಗೆ, ಧೂಳು ಕೂತ ಫ್ಯಾನಿಗೆ, ಏರಿಳಿಯುವ ಕರೆಂಟಿಗೆ, ಐದಾರು ವರ್ಷದ ಮುಪ್ಪಿಗೆ ಅಂತ. ಇಂಜಿನಿಯರುಗಳು ಮಾರ್ಜಿನ್ ಎನ್ನುವ ಈ ಜಾಗವನ್ನು ನಾನು ಮಿಗತೆ ಎಂದು ಕರೆಯುತ್ತೇನೆ.

ಹೀಗಾಗಿ ಡಬ್ಬಿಯ ಸಂಖ್ಯೆಯೊಳಗೆ ಬೇರೆ ಬೇರೆ ಸಂಗತಿಗಳು ಬೆರೆತು ಕೂತಿವೆ. ಸ್ವಲ್ಪ ಪ್ರಕೃತಿ, ಸ್ವಲ್ಪ ವ್ಯಾಪಾರ, ಸ್ವಲ್ಪ ಮುನ್ನೆಚ್ಚರಿಕೆ. ಹೊರಗಿನಿಂದ ನೋಡಿದವನಿಗೆ ಯಾವುದು ಎಷ್ಟು ಎಂದು ತಿಳಿಯುವುದಿಲ್ಲ. ಮಿತಿಯನ್ನು ಮೀರಬಾರದು ಎನ್ನುವ ನೀತಿವಂತರ ಜೊತೆ ನನ್ನ ಜಗಳ ಇಲ್ಲಿಯೇ. ವ್ಯಾಪಾರದ ಗೆರೆಗೆ ಪ್ರಕೃತಿಯ ಗೆರೆಯ ಗೌರವ ಕೊಡುವುದು ವಿನಯವಲ್ಲ, ಸೋಮಾರಿತನ. ಹಾಗೆಂದು ಪ್ರತಿಯೊಂದು ಗೆರೆಯೂ ವ್ಯಾಪಾರಿಯ ಮೋಸವೇ ಎಂದುಕೊಂಡರೆ ಅದೂ ಅಂಥದೇ ಸೋಮಾರಿತನ. ತಂತ್ರಜ್ಞಾನದ ಹುಚ್ಚು ಹತ್ತಿದ ತರುಣರಲ್ಲಿ ಇದು ಜಾಸ್ತಿ.

ನನ್ನ ಯಂತ್ರ ದೊಡ್ಡದೇನಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಭಾಗ ಭಾಗವಾಗಿ ಬಸ್ಸಿನಲ್ಲಿ ಹೊತ್ತುತಂದು ಕೇಣಿಯ ಮನೆಯಲ್ಲಿ ಜೋಡಿಸಿದ್ದು. ರೈಜನ್ 5 2600 ಪ್ರೊಸೆಸರ್, ಆರು ಕೋರ್. ಡಬ್ಬಿಯ ಮೇಲೆ 3.4 ಗಿಗಾಹರ್ಟ್ಸ್, ಅವಕಾಶ ಸಿಕ್ಕಾಗ 3.9 ಎಂದಿದೆ. ಎಲ್ಲ ಕೋರುಗಳೂ ಒಟ್ಟಿಗೆ ದುಡಿಯುವಾಗ ನನ್ನಲ್ಲಿ ಅದು 3.7ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಈ ಸರಣಿಯ ಗುಣಕಕ್ಕೆ ಬೀಗವಿಲ್ಲ, ಹಾಗಾಗಿ ಏರಿಸುತ್ತ ಹೋದೆ. 4.1ರಲ್ಲಿ ಸ್ಥಿರವಾಗಿ ನಿಂತಿತು, 4.2ಕ್ಕೆ ಕುಸಿಯಿತು. ನನ್ನ ಮುಖ್ಯ ಕೆಲಸ ಹಳೆಯ ವಿಡಿಯೊ ಕ್ಯಾಸೆಟ್ಟುಗಳಲ್ಲಿರುವ ಯಕ್ಷಗಾನ ಬಯಲಾಟಗಳನ್ನು ಡಿಜಿಟಲ್ ಮಾಡಿ, ಗೆರೆ ಗುಲ್ಲು ತೆಗೆದು ಸಣ್ಣ ಕಡತಕ್ಕೆ ಇಳಿಸುವುದು. ಇಡೀ ರಾತ್ರಿಯ ಆಟ ಒಂದನ್ನು ಹೀಗೆ ಇಳಿಸಲು ಮೊದಲು ಹತ್ತು ಗಂಟೆ ಹಿಡಿಯುತ್ತಿತ್ತು, ಈಗ ಒಂಬತ್ತು.

ಉಳಿದ ಆ ಒಂದು ಗಂಟೆ ನನಗೆ ಸಿಕ್ಕಿತೇ ಎಂದು ಕೇಳಿದರೆ ಉತ್ತರ ಕಷ್ಟ. ಕೆಲಸ ನಡೆಯುವುದು ರಾತ್ರಿ, ನಾನು ನಿದ್ದೆಯಲ್ಲಿರುತ್ತೇನೆ.

ಬೆಲೆ ಮಾತ್ರ ಸ್ಪಷ್ಟವಾಗಿದೆ. ಪ್ರೊಸೆಸರ್ ಕೆಲಸ ಮಾಡುವಾಗ ನುಂಗುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದಲ್ಲಿ ಏರುತ್ತದೆ. ವೇಗ ಹೆಚ್ಚಬೇಕಾದರೆ ವೋಲ್ಟೇಜನ್ನೂ ಏರಿಸಬೇಕು. 3.7ರಿಂದ 4.1ಕ್ಕೆ ಹೋಗಲು ನಾನು 1.2 ವೋಲ್ಟಿನಿಂದ 1.35ಕ್ಕೆ ಏರಿಸಿದ್ದೇನೆ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ವೇಗ ಹೆಚ್ಚಿದ್ದು ಶೇಕಡಾ 11ರಷ್ಟು, ಶಾಖ ಹೆಚ್ಚಿದ್ದು ಶೇಕಡಾ 40ರಷ್ಟು. ತುದಿಯ ಹತ್ತಿರ ಹೋದಂತೆ ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ದುಬಾರಿ. 2022ರ ಕೊನೆಯಲ್ಲಿ ಇಂಟೆಲ್‌ನ ಚಿಪ್ಪೊಂದನ್ನು ದ್ರವ ಹೀಲಿಯಂ ಸುರಿದು 9 ಗಿಗಾಹರ್ಟ್ಸ್ ದಾಟಿಸಿದರು. ಆ ವೇಗದಲ್ಲಿ ಅದು ಯಾರ ಕೆಲಸವನ್ನೂ ಮಾಡಿಕೊಡುವುದಿಲ್ಲ, ಪರದೆಯ ಮೇಲೆ ಸಂಖ್ಯೆ ತೋರಿಸಿ ಫೋಟೊ ತೆಗೆಸಿಕೊಳ್ಳುತ್ತದೆ ಅಷ್ಟೆ. ಅದು ಕ್ರೀಡೆ. ಕ್ರೀಡೆಯ ನೀತಿ ಬೇರೆ.

ಕೇಣಿಯಲ್ಲಿ ಇನ್ನೊಂದು ತೊಡಕು. ಫ್ಯಾನು ಎಷ್ಟೇ ಜೋರಾಗಿ ತಿರುಗಲಿ, ಕೋಣೆಯ ಗಾಳಿಗಿಂತ ಚಿಪ್ಪನ್ನು ತಣ್ಣಗಾಗಿಸಲಾರದು. ಯುರೋಪಿನಲ್ಲಿ ಕೂತು ಇದೇ ಪ್ರೊಸೆಸರನ್ನು ಪರೀಕ್ಷಿಸುವವನ ಕೋಣೆ 20 ಡಿಗ್ರಿ ಇದ್ದೀತು. ಮೇ ತಿಂಗಳಲ್ಲಿ ನಮ್ಮ ಹೆಂಚಿನ ಮಾಡಿನ ಕೆಳಗೆ 33. ಆ 13 ಡಿಗ್ರಿಯ ಮಿಗತೆಯನ್ನು ನಾನು ಮುಟ್ಟುವ ಮೊದಲೇ ಕಡಲತೀರ ತಿಂದು ಮುಗಿಸಿರುತ್ತದೆ. ಜೊತೆಗೆ ಉಪ್ಪು ಗಾಳಿ. ಕಬ್ಬಿಣದ ಕಿಟಕಿ ಸರಳನ್ನು ಬಿಡದ ಗಾಳಿ ಕ್ಯಾಬಿನೆಟ್ಟಿನ ಸ್ಕ್ರೂಗಳನ್ನು ಬಿಟ್ಟೀತೇ? ದಕ್ಷಿಣದ ಗಾಳಿ ಬೀಸುವಾಗ ಒಣಗಲು ಹರಡಿದ ಮೀನಿನ ವಾಸನೆಯನ್ನೂ ಫ್ಯಾನು ಒಳಗೆಳೆಯುತ್ತದೆ. ಇದು ಯಂತ್ರಕ್ಕೆ ಹಾನಿಯಲ್ಲ, ಬಂದ ನೆಂಟರಿಗೆ ಮಾತ್ರ ಕಷ್ಟ. ಒಟ್ಟಿನಲ್ಲಿ ಹೇಳಬೇಕಾದ್ದೇನೆಂದರೆ, ಕಾರ್ಖಾನೆಯವರು ವ್ಯರ್ಥವಾಗಿ ಬಿಟ್ಟಂತೆ ಕಂಡ ಜಾಗದಲ್ಲಿ ಒಂದು ಪಾಲು ನಮ್ಮಂಥ ಊರಿಗಾಗಿಯೇ ಬಿಟ್ಟದ್ದಾಗಿತ್ತು. ತಣ್ಣಗಿನ ಕೋಣೆಯವನಿಗೆ ಅದು ಪುಕ್ಕಟೆ ಲಾಭ, ನಮಗೆ ಬದುಕುವ ಅವಕಾಶ.

ನಿರ್ಜೀವ ಯಂತ್ರದ ವಿಚಾರದಲ್ಲಿ ನೀತಿಯ ಪ್ರಶ್ನೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಕತ್ತಿ, ಬಲೆ ಹೆಣೆಯುವ ಸೂಜಿ, ಸ್ಕೂಟರು ಇವುಗಳ ಸಾಲಿನಲ್ಲಿ ಕಂಪ್ಯೂಟರಿಗೂ ಕುಂಕುಮ ಬೀಳುತ್ತದೆ, ಆ ದಿನ ಅದಕ್ಕೆ ರಜೆ. ಅದರಲ್ಲೊಂದು ಚೆಲುವಿದೆ. ಆದರೆ ಚಿಪ್ಪಿಗೆ ನೋವಾಗುತ್ತದೆ ಎಂದು ನಂಬುವಷ್ಟು ಭಾವುಕ ನಾನಲ್ಲ. ಹೆಚ್ಚು ವೋಲ್ಟೇಜಿನಲ್ಲಿ, ಹೆಚ್ಚು ಬಿಸಿಯಲ್ಲಿ, ಒಳಗಿನ ಸಣ್ಣ ತಂತಿಗಳ ಲೋಹದ ಕಣಗಳು ವಿದ್ಯುತ್ತಿನ ಸೆಳೆತಕ್ಕೆ ಮೆಲ್ಲಗೆ ಜರುಗುತ್ತವೆ, ತಂತಿ ಸವೆಯುತ್ತದೆ. ಹತ್ತು ವರ್ಷ ಬಾಳುವುದು ಆರು ವರ್ಷ ಬಾಳಿದರೆ ನಷ್ಟ ನನ್ನದು. ವಾರಂಟಿ ಬಿಟ್ಟುಕೊಟ್ಟವನೂ ನಾನೇ. ಅಲ್ಲಿಗೆ ಅದು ಲೆಕ್ಕಾಚಾರದ ಮಾತು. ನೀತಿಯ ಮಾತು ಶುರುವಾಗುವುದು ಯಂತ್ರ ಕೆಡುವುದರಿಂದಲ್ಲ, ಕೆಡದೆಯೂ ತಪ್ಪು ಉತ್ತರ ಕೊಡುವುದರಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಿತಿ ಮೀರಿದ ಪ್ರೊಸೆಸರ್ ಯಾವಾಗಲೂ ಸದ್ದು ಮಾಡಿ ಬೀಳುವುದಿಲ್ಲ. ನೀಲಿ ಪರದೆ ಬಂದು ನಿಂತುಹೋದರೆ ಒಳ್ಳೆಯದೇ, ಏನೋ ತಪ್ಪಾಯಿತೆಂದು ಗೊತ್ತಾಯಿತಲ್ಲ. ಅದಕ್ಕಿಂತ ಸ್ವಲ್ಪ ಈಚೆಗೆ ಒಂದು ಮಬ್ಬು ಪ್ರದೇಶವಿದೆ. ಅಲ್ಲಿ ಯಂತ್ರ ಓಡುತ್ತಲೇ ಇರುತ್ತದೆ, ಕೋಟಿಗಟ್ಟಲೆ ಲೆಕ್ಕಗಳಲ್ಲಿ ಎಲ್ಲೋ ಒಂದು ತಪ್ಪುತ್ತದೆ, ಯಾರಿಗೂ ತಿಳಿಯುವುದಿಲ್ಲ. ನನ್ನ ಯಕ್ಷಗಾನದ ವಿಡಿಯೊದಲ್ಲಾದರೆ ಬಣ್ಣದ ವೇಷದ ಕೆನ್ನೆಯ ಮೇಲೆ ಕ್ಷಣಕಾಲ ಒಂದು ಹಸಿರು ಚೌಕ ಮೂಡಿ ಮಾಯವಾದೀತು. ಲೆಕ್ಕಪತ್ರದಲ್ಲಾದರೆ? ಕಾರ್ಖಾನೆಯ ವೇಗದಲ್ಲೇ ಓಡುವ ಯಂತ್ರಗಳಲ್ಲೂ ಇದು ಇಲ್ಲದಿಲ್ಲ. 2021ರಲ್ಲಿ ಗೂಗಲ್‌ನ ಇಂಜಿನಿಯರುಗಳು ತಮ್ಮ ಸಾವಿರಾರು ಸರ್ವರುಗಳ ನಡುವೆ ಹೀಗೆ ಸದ್ದಿಲ್ಲದೆ ತಪ್ಪು ಲೆಕ್ಕ ಮಾಡುವ ಕೆಲವು ಕೋರುಗಳಿರುವುದನ್ನು ಪ್ರಬಂಧವಾಗಿ ಪ್ರಕಟಿಸಿದರು. ಮಿಗತೆ ಬಿಟ್ಟೂ ಹೀಗಾಗುತ್ತದೆಂದರೆ, ಮಿಗತೆ ತಿಂದವನು ಎಷ್ಟು ನಿಶ್ಚಿಂತೆಯಿಂದಿರಬಹುದು?

ಓವರ್‌ಕ್ಲಾಕ್ ಮಾಡುವವರು ಇದಕ್ಕೊಂದು ಪರೀಕ್ಷೆ ಇಟ್ಟುಕೊಂಡಿದ್ದೇವೆ. ಪ್ರೈಮ್95 ಎಂಬ ತಂತ್ರಾಂಶ ಮೂಲತಃ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಬರೆದದ್ದು. ಉತ್ತರ ಮೊದಲೇ ಗೊತ್ತಿರುವ ಭಾರೀ ಲೆಕ್ಕಗಳನ್ನು ಅದು ಗಂಟೆಗಟ್ಟಲೆ ಮಾಡಿಸಿ, ಬಂದ ಉತ್ತರವನ್ನು ತಾಳೆ ನೋಡುತ್ತದೆ. ಒಂದು ರಾತ್ರಿ ಪೂರ್ತಿ ದಾಟಿದರೆ ಸ್ಥಿರ ಎನ್ನುತ್ತೇವೆ. ಆದರೆ ಆ ಮಾತಿನ ನಿಜವಾದ ಅರ್ಥ ಇಷ್ಟೇ: ಈ ರಾತ್ರಿ, ಈ ಬಿಸಿಯಲ್ಲಿ, ಈ ಲೆಕ್ಕದಲ್ಲಿ ತಪ್ಪಲಿಲ್ಲ. ಡಿಸೆಂಬರಿನ ರಾತ್ರಿ ಪಾಸಾದದ್ದು ಮೇ ತಿಂಗಳ ಮಧ್ಯಾಹ್ನ ಪಾಸಾಗಬೇಕೆಂದಿಲ್ಲ. ಇಲ್ಲಿಯವರೆಗೆ ಬೀಳಲಿಲ್ಲ ಎಂಬುದು, ಬೀಳುವುದಿಲ್ಲ ಎಂಬುದಕ್ಕೆ ಎಷ್ಟು ಸಾಕ್ಷಿ?

2024ರ ಜುಲೈ 16ರ ಬೆಳಿಗ್ಗೆಯ ನಂತರ ನಮ್ಮ ತಾಲೂಕಿನಲ್ಲಿ ಈ ಪ್ರಶ್ನೆಯನ್ನು ಬರಿಯ ತರ್ಕವಾಗಿ ಕೇಳಲು ಆಗುವುದಿಲ್ಲ. ಅಂದು ಶಿರೂರಿನಲ್ಲಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಬುಡದಲ್ಲಿದ್ದ ಚಹಾದಂಗಡಿ, ಅಲ್ಲಿ ನಿಂತಿದ್ದ ವಾಹನಗಳು, ಜನ, ಎಲ್ಲವನ್ನೂ ಮಣ್ಣು ಗಂಗಾವಳಿಗೆ ತಳ್ಳಿತು. ನದಿಯ ಆಚೆ ದಂಡೆಯ ಉಳುವರೆಯ ಮನೆಗಳಿಗೂ ಹೊಡೆತ ಬಿತ್ತು. ಒಂದು ಲಾರಿಯನ್ನು ನದಿಯಿಂದ ಮೇಲೆತ್ತುವಾಗ ಸೆಪ್ಟೆಂಬರ್ ಕೊನೆಯ ವಾರವಾಗಿತ್ತು. ಚತುಷ್ಪಥ ರಸ್ತೆಗಾಗಿ ಆ ಗುಡ್ಡದ ಬದಿಯನ್ನು ಕಡಿದಿದ್ದರು. ಜೋರು ಮಳೆಯೂ ಬಂದಿತ್ತು. ಮಳೆಯಿಂದಲೋ ಕಡಿತದಿಂದಲೋ ಎಂದು ಚಹಾದಂಗಡಿಗಳಲ್ಲಿ ವಾದ ನಡೆಯುತ್ತಿತ್ತು. ನನಗೆ ಆ ವಾದವೇ ತಪ್ಪು ಜಾಗದಲ್ಲಿ ನಿಂತಂತೆ ಕಾಣುತ್ತದೆ. ಇಳಿಜಾರಿನ ಭದ್ರತೆಯನ್ನು ಲೆಕ್ಕ ಹಾಕುವಾಗ ಇಂಜಿನಿಯರುಗಳು ಬೇಕಾದ ಬಲಕ್ಕಿಂತ ಇರುವ ಬಲ ಎಷ್ಟು ಪಟ್ಟು ಹೆಚ್ಚು ಎಂದು ನೋಡುತ್ತಾರೆ. ಒಂದಕ್ಕಿಂತ ಮೇಲಿರುವುದೆಲ್ಲ ಮಿಗತೆ. ಆ ಮಿಗತೆ ಇರುವುದೇ ಮಳೆಗಾಗಿ. ಕಡಿತ ಅದರಲ್ಲಿ ಒಂದು ಪಾಲನ್ನು ಮೊದಲೇ ಖರ್ಚು ಮಾಡಿದ ಮೇಲೆ, ಮಳೆ ಬಂದು ಉಳಿದದ್ದನ್ನು ಕೇಳಿದಾಗ ಗುಡ್ಡದ ಬಳಿ ಕೊಡಲು ಏನೂ ಇರುವುದಿಲ್ಲ. ಕಡಿದ ಮೇಲೆ ಇಷ್ಟು ಮಳೆಗಾಲ ನಿಂತಿತ್ತಲ್ಲ ಎಂದರೆ ಅದು ನಮ್ಮ ಒಂದು ರಾತ್ರಿಯ ಪ್ರೈಮ್95 ಪರೀಕ್ಷೆಯಂತೆ. ಗುಡ್ಡಕ್ಕಾದರೆ ತಾಳೆ ನೋಡಲು ಮೊದಲೇ ಗೊತ್ತಿರುವ ಉತ್ತರವೂ ಇಲ್ಲ. ಅದಕ್ಕಿಂತ ಮುಖ್ಯವಾದದ್ದು, ಚಹಾ ಕುಡಿಯಲು ನಿಂತವನನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ.

ನನ್ನ ಚಿಪ್ಪನ್ನೂ ಒಂದು ಗುಡ್ಡವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅತಿಯಾಯಿತು ಎನಿಸಬಹುದು. ಇಡುತ್ತಿರುವುದು ವ್ಯತ್ಯಾಸ ಕಾಣಲಿ ಎಂದೇ. ನನ್ನ ಕೋಣೆಯಲ್ಲಿ ಮಿಗತೆಯನ್ನು ಖರ್ಚು ಮಾಡುವವನು, ಲಾಭ ಪಡೆಯುವವನು, ಬಿದ್ದರೆ ಏಟು ತಿನ್ನುವವನು ಮೂವರೂ ಒಬ್ಬನೇ. ಕೋಣೆಯ ಹೊರಗೆ ಬಂದ ಕೂಡಲೇ ಈ ಮೂವರು ಬೇರೆಬೇರೆಯಾಗುತ್ತಾರೆ.

ಕೇಣಿಯ ಕಡಲಲ್ಲಿ ಇದು ಹಳೆಯ ಕಥೆ. ಒಂದು ಕಾಲಕ್ಕೆ ಇಲ್ಲಿಯ ದೊಡ್ಡ ದುಡಿಮೆ ರಂಪಣಿ. ಉದ್ದನೆಯ ಬಲೆಯನ್ನು ದೋಣಿಯಲ್ಲಿ ಒಯ್ದು ಅರ್ಧಚಂದ್ರಾಕಾರ ಬಿಟ್ಟು, ದಂಡೆಯ ಮೇಲೆ ಊರವರೆಲ್ಲ ನಿಂತು ಎಳೆಯುವುದು. ಬಂಗಡೆಯ ಹಿಂಡು ತಾನಾಗಿ ದಂಡೆಯ ಹತ್ತಿರ ಬಂದರೆ ಮಾತ್ರ ಮೀನು. 1970ರ ದಶಕದ ಮಧ್ಯದಲ್ಲಿ ಕರಾವಳಿಗೆ ಪರ್ಸೀನ್ ದೋಣಿಗಳು ಬಂದವು. ಅವು ಹಿಂಡು ಬರುವುದನ್ನು ಕಾಯಲಿಲ್ಲ, ಇದ್ದಲ್ಲಿಗೇ ಹೋಗಿ ಸುತ್ತುವರಿದವು. ದಂಡೆಗೆ ಬರಬೇಕಿದ್ದದ್ದು ಬರದಾಯಿತು, ಕೆಲವೇ ವರ್ಷಗಳಲ್ಲಿ ರಂಪಣಿ ಸೊರಗಿತು. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. 10 ಅಶ್ವಶಕ್ತಿಯೊಳಗಿನ ಇಂಜಿನ್ನಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಶ್ರಾವಣದ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಇಳಿಯುವ ಪದ್ಧತಿ ಈ ಕಾಯಿದೆಗಿಂತ ಎಷ್ಟೋ ಹಳೆಯದು. ಆ ಎರಡು ತಿಂಗಳು ದೋಣಿ ಕಟ್ಟಿ ಕೂತವನ ಕಣ್ಣಿಗೆ ವ್ಯರ್ಥ, ಸಾಲದ ಬಡ್ಡಿ ಓಡುತ್ತಿರುತ್ತದೆ. ಮೀನಿಗೆ ಅದು ಮೊಟ್ಟೆಯ ಕಾಲ. 10 ಅಶ್ವಶಕ್ತಿ ಎಂಬ ಸಂಖ್ಯೆಯನ್ನು ಕೂಡ ಯಾರೋ ಕಚೇರಿಯಲ್ಲಿ ಕೂತು ಬರೆದದ್ದೇ, 11 ಬರೆದಿದ್ದರೆ ಕಡಲೇನು ಬತ್ತುತ್ತಿರಲಿಲ್ಲ. ಆದರೂ ಇದನ್ನು ಸೆಲೆರಾನಿನ 300ರ ಹಾಗೆ ಮೀರಬಹುದೆಂದು ನನಗನ್ನಿಸುವುದಿಲ್ಲ. ಒಬ್ಬ ಮೀರಿದರೆ ಲಾಭ ಅವನಿಗೆ, ಎಲ್ಲರೂ ಮೀರಿದರೆ ನಷ್ಟ ಎಲ್ಲರಿಗೆ. ಮನಸ್ಸಿಗೆ ಬಂದಂತೆ ಎಳೆದ ಗೆರೆಯೂ ಹಲವರು ಸೇರಿ ಒಪ್ಪಿಕೊಂಡಾಗ ಬೇರೊಂದು ತೂಕ ಪಡೆಯುತ್ತದೆ.

ಇದೇ ದಂಡೆಗೆ ಈಗ ವಾಣಿಜ್ಯ ಬಂದರಿನ ಯೋಜನೆ ಬಂದಿದೆ. ವರ್ಷಕ್ಕೆ 3 ಕೋಟಿ ಟನ್ ಸರಕಿನ ಸಾಮರ್ಥ್ಯದಿಂದ ಶುರು ಎನ್ನುತ್ತಾರೆ. ಊರು ಪ್ರತಿಭಟನೆಗಿಳಿದಿದೆ. ಬಂದರಿನ ಒಳಿತು ಕೆಡುಕನ್ನು ಇಲ್ಲಿ ತೀರ್ಮಾನಿಸಲು ಹೊರಟಿಲ್ಲ. ನಕ್ಷೆಯಲ್ಲಿ ಖಾಲಿ ಕಾಣುವ ಮರಳಿನ ಪಟ್ಟಿ ಖಾಲಿಯಲ್ಲ ಎಂಬುದನ್ನಷ್ಟೇ ಹೇಳಬೇಕು. ಮಳೆಗಾಲದಲ್ಲಿ ದೋಣಿ ಎಳೆದಿಡುವುದು, ಬಲೆ ಹರವುವುದು, ಮೀನು ಒಣಗಿಸುವುದು, ಕಡಲು ಉಕ್ಕಿದ ವರ್ಷ ಮನೆಗಿಂತ ಮೊದಲು ಅಲೆಗೆ ಎದೆ ಕೊಡುವುದು ಆ ಪಟ್ಟಿಯೇ.

ಮಿಗತೆಯನ್ನು ತಿನ್ನದೆ ಇರುವುದರಲ್ಲೂ ಒಂದು ಸಾಧನೆ ಇದೆ ಎಂಬುದನ್ನು ಮರೆಯುತ್ತೇವೆ. ನಮ್ಮ ಜಿಲ್ಲೆಯ ಕೈಗಾದ ಒಂದನೇ ಅಣು ವಿದ್ಯುತ್ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಬರೆಯಿತು. ಅದರ ಸಾಮರ್ಥ್ಯ 220 ಮೆಗಾವಾಟ್, ಅಣುಸ್ಥಾವರಗಳ ಲೋಕದಲ್ಲಿ ಚಿಕ್ಕದು. ದಾಖಲೆ ಬಂದದ್ದು 220ರಿಂದ 250 ಹಿಂಡಿದ್ದರಿಂದಲ್ಲ. ಅಣುಶಕ್ತಿ ಬೇಕೇ ಬೇಡವೇ ಎಂಬ ಬಗ್ಗೆ ಕಾಳಿ ಕಣಿವೆಯಲ್ಲಿ ದಶಕಗಳ ವಾದವಿದೆ, ನನಗೂ ಪ್ರಶ್ನೆಗಳಿವೆ. ಆದರೆ ವೇಗದ ದಾಖಲೆ ಮತ್ತು ಬಾಳಿಕೆಯ ದಾಖಲೆ ಎಷ್ಟು ಬೇರೆ ಮನಸ್ಸುಗಳ ಕೆಲಸ ಎಂದು ಕೈಗಾ ನೋಡಿದಾಗೆಲ್ಲ ಅನ್ನಿಸುತ್ತದೆ.

ಚಿಪ್ಪಿನ ಲೋಕ ಈಚೆಗೆ ತಿರುವು ಪಡೆದಿದೆ. ಮಿಗತೆಯನ್ನು ಈಗ ಕಾರ್ಖಾನೆಯವರೇ ತಿನ್ನುತ್ತಿದ್ದಾರೆ. ಪೈಪೋಟಿಯಲ್ಲಿ ಗೆಲ್ಲಲು ಡಬ್ಬಿಯ ಸಂಖ್ಯೆಯನ್ನೇ ತುದಿಯವರೆಗೆ ಏರಿಸಿ ಕೊಡುತ್ತಾರೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಕೈಕೊಡತೊಡಗಿದಾಗ, ಅವು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದ್ದವೆಂದು 2024ರಲ್ಲಿ ಕಂಪನಿಯೇ ಒಪ್ಪಿ, ಮೈಕ್ರೋಕೋಡ್ ತಿದ್ದಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಕೊಂಡವರಲ್ಲಿ ಬಹುಪಾಲು ಜನ ಓವರ್‌ಕ್ಲಾಕ್ ಎಂಬ ಪದವನ್ನೇ ಕೇಳಿರಲಿಕ್ಕಿಲ್ಲ. 1998ರಲ್ಲಿ ಕಂಪನಿ ಬಚ್ಚಿಟ್ಟ ಮಿಗತೆಯನ್ನು ಹುಡುಗರು ಕದ್ದರು ಎನ್ನುವುದಾದರೆ, ಇಲ್ಲಿ ಗಿರಾಕಿಗೆ ಸೇರಿದ ಮಿಗತೆಯನ್ನು ಅವನಿಗೆ ಹೇಳದೆ ಯಾರು ಖರ್ಚು ಮಾಡಿದರು? ನನಗೆ ಮೊದಲಿನದಕ್ಕಿಂತ ಎರಡನೆಯದು ಹೆಚ್ಚು ಕಾಡುತ್ತದೆ.

ಕಳೆದ ಚಳಿಗಾಲದಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳು ಬಂದಳು. ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದುತ್ತಾಳೆ. ದಂಡೆಗೆ ಬಂದ ಮೀನಿನ ಅಂಕಿಅಂಶಗಳನ್ನಿಟ್ಟು ಒಂದು ಮಾದರಿಯನ್ನು ಸಾವಿರಾರು ಸಲ ಓಡಿಸಬೇಕಿತ್ತು, ಅವಳ ಲ್ಯಾಪ್‌ಟಾಪಿಗೆ ಅದು ಎರಡು ದಿನದ ಕೆಲಸ. ನಾನು ಕೂಡಿಸುವ ಮೊದಲೇ ಹೇಳಿದೆ, ಇದು ಕಂಪನಿ ಹೇಳಿದ ವೇಗದಲ್ಲಿಲ್ಲ, ಹೀಗೆ ಹೀಗೆ ಅಪಾಯವಿದೆ, ಬೇಕಾದರೆ ಮೊದಲಿನ ವೇಗಕ್ಕೆ ಇಳಿಸಿಕೊಡುತ್ತೇನೆ, 40 ನಿಮಿಷ ಹೆಚ್ಚು ಹಿಡಿಯುತ್ತದೆ. ಅವಳು ಯೋಚಿಸಿ, ಎರಡೂ ರೀತಿಯಲ್ಲಿ ಓಡಿಸೋಣ ಎಂದಳು. ಇಳಿಸಿ ಓಡಿಸಿದೆವು, ಏರಿಸಿ ಓಡಿಸಿದೆವು. ಎರಡು ಕಡತಗಳನ್ನು ಹೋಲಿಸಿದಾಗ ಕೊನೆಯ ಅಂಕಿಯವರೆಗೂ ಒಂದೇ.

"ಹಾಗಾದರೆ ಏನೂ ಆಗುವುದಿಲ್ಲವಲ್ಲ?" ಎಂದಳು.

ಈ ಸಲ ಆಗಲಿಲ್ಲ ಎಂದೆ. ಪ್ರಬಂಧಕ್ಕೆ ಯಾವ ಕಡತ ಹಾಕುತ್ತೀ ಎಂದು ಕೇಳಿದೆ. ನಿಧಾನದ್ದು ಎಂದಳು. ಎರಡೂ ಒಂದೇ ಆಗಿರುವಾಗ ಯಾಕೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಪೆನ್‌ಡ್ರೈವ್ ಚೀಲಕ್ಕೆ ಹಾಕಿಕೊಂಡು, ಬೇಸಿಗೆಯಲ್ಲಿ ಇನ್ನೊಂದು ಸುತ್ತು ಓಡಿಸುವುದಿದೆ, ಆಗ ಬರುತ್ತೇನೆ ಎಂದು ಹೋದಳು. ಬೇಸಿಗೆಗೆ ನಾನು ಹೇಗೂ 3.7ಕ್ಕೆ ಇಳಿಸಿ, ವೋಲ್ಟೇಜನ್ನು ಕಂಪನಿ ಕೊಟ್ಟದ್ದಕ್ಕಿಂತ ಸ್ವಲ್ಪ ಕಡಿಮೆಗೇ ಇಡುತ್ತೇನೆ. ಅದೇ ಮಿಗತೆಯನ್ನು ವೇಗದ ಬದಲು ತಂಪಿಗೆ ಖರ್ಚು ಮಾಡಿದ ಹಾಗೆ. ಅದೂ ಡಬ್ಬಿಯ ಮೇಲಿನ ಸಂಖ್ಯೆಯಲ್ಲ, ಅದನ್ನೂ ಅವಳಿಗೆ ಹೇಳಬೇಕು.